ಗಾಳಿ ವಿದ್ಯುತ್ ಯೋಜನೆಗಳನ್ನು ಸ್ಥಳೀಯರು ಒಪ್ಪಿಕೊಳ್ಳುವುದು ಯಾವಾಗ?

ಸದ್ದು, ರೆಕ್ಕೆಗಳ ನೆರಳಿನ ಮಿಣುಕಾಟ, ಕೆಡುವ ನೋಟ ಎಲ್ಲವೂ ನ್ಯಾಯವಾದ ಆಕ್ಷೇಪಗಳೇ. ಆದರೆ ವಿರೋಧ ಗಟ್ಟಿಯಾಗುವುದು, ತೀರ್ಮಾನ ಮುಗಿದ ಮೇಲೆ ಊರಿನವರಿಗೆ ತಿಳಿಸಿದಾಗ ಮತ್ತು ಜಮೀನು ಕೊಟ್ಟವರಿಗೆ ಬಾಡಿಗೆ ಸಿಕ್ಕು ಪಕ್ಕದ ಹೊಲದವರಿಗೆ ಸದ್ದು ಮಾತ್ರ ಉಳಿದಾಗ ಎಂಬುದು ನನ್ನ ಖಚಿತ ಅಭಿಪ್ರಾಯ.

ಡೆನ್ಮಾರ್ಕಿನ ಕೋಪನ್‌ಹೇಗನ್ ಬಳಿಯ ಕಡಲಿನಲ್ಲಿರುವ ಮಿಡೆಲ್‌ಗ್ರುಂಡನ್ ಸ್ಥಾವರಕ್ಕೆ ಮೊದಲು ಮೂರು ಸಾಲುಗಳಲ್ಲಿ 27 ಗಾಳಿಯಂತ್ರಗಳನ್ನು ಯೋಜಿಸಲಾಗಿತ್ತು; ಸಾರ್ವಜನಿಕರ ಅಹವಾಲು ಆಲಿಸಿದ ನಂತರ ಅದನ್ನು ಕೈಬಿಟ್ಟು, ದಡದಿಂದ ನೋಡುವವರ ಕಣ್ಣಿಗೆ ಒಪ್ಪುವಂತೆ ತುಸು ಬಾಗಿದ ಒಂದೇ ಸಾಲಿನಲ್ಲಿ 20 ಯಂತ್ರಗಳನ್ನು 2000ರಲ್ಲಿ ನಿಲ್ಲಿಸಿದರು. ಒಟ್ಟು 40 ಮೆಗಾವ್ಯಾಟ್ ಸಾಮರ್ಥ್ಯದ ಈ ಸ್ಥಾವರದ ಅರ್ಧ ಒಡೆತನವನ್ನು 8,000ಕ್ಕೂ ಹೆಚ್ಚು ಸದಸ್ಯರ ಸಹಕಾರ ಸಂಘ ಪಡೆಯಿತು. ಹೀಗೆ ಷೇರು ಕೊಂಡ ಸಾಮಾನ್ಯ ನಾಗರಿಕರಿಗೆ ಆದಾಯದ ಜೊತೆಗೆ, ಸಂಘದ ಸಭೆಯಲ್ಲಿ ಮತ ಹಾಕುವ ಹಕ್ಕೂ ದೊರೆಯಿತು.