ಕುಂಡದ ಕರಿಬೇವು ಒಂದು ಅಡಿಗೇ ನಿಂತುಬಿಟ್ಟಿದೆ, ಎಲೆ ಹಳದಿಯಾಗುತ್ತಿದೆ. ಏನು ಮಾಡಲಿ?

ನೀವು ಬರೆದಿದ್ದನ್ನು ಎರಡು ಸಲ ಓದಿದೆ. ನರ್ಸರಿಯಿಂದ ಗಿಡ ತಂದು ಒಂದೂವರೆ ವರ್ಷವಾಯಿತು. ಬೆಂಗಳೂರಿನ ಬಾಲ್ಕನಿಯಲ್ಲಿ ಇಟ್ಟಿದ್ದೀರಿ, ದಿನಾ ನೀರು ಹಾಕುತ್ತೀರಿ. ಆದರೂ ಗಿಡ ಮೇಲೇಳುತ್ತಿಲ್ಲ, ಎಲೆ ಹಳದಿಯಾಗಿ ಉದುರುತ್ತಿದೆ. ಹುಳಿ ಮಜ್ಜಿಗೆ ಹಾಕಿದರೆ ಸರಿಹೋಗುತ್ತಾ ಎಂದು ಕೇಳಿದ್ದೀರಿ.

ಮಜ್ಜಿಗೆ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ಕುಂಡದ ಒಳಗೆ ಏನಾಗಿದೆ ಅಂತ ನೋಡಬೇಕು.

ನಾನೂ ಬೆಂಗಳೂರಿನಲ್ಲೇ ತಾರಸಿಯ ಮೇಲೆ ಹನ್ನೊಂದು ವರ್ಷದಿಂದ ಕರಿಬೇವು ಬೆಳೆಸುತ್ತಿದ್ದೇನೆ. ಮೊದಲು ತಂದ ಎರಡು ಗಿಡಗಳೂ ನಿಮ್ಮದರ ಹಾಗೇ ಸೊರಗಿ ಹೋದವು. ಎರಡನೆಯದನ್ನು ಕಿತ್ತು ನೋಡಿದಾಗ ಬೇಜಾರಾಯಿತು. ನರ್ಸರಿಯ ಕಪ್ಪು ಕವರಿನಲ್ಲಿದ್ದ ಕೆಂಪು ಮಣ್ಣಿನ ಉಂಡೆ ಇಟ್ಟಿಗೆಯ ಹಾಗೆ ಗಟ್ಟಿಯಾಗಿ, ಕವರಿನ ಆಕಾರದಲ್ಲೇ ಕೂತಿತ್ತು. ಸುತ್ತ ನಾನು ಹಾಕಿದ್ದ ಗೊಬ್ಬರದ ಮಣ್ಣು ಒದ್ದೆ, ಉಂಡೆಯ ಒಳಗೆ ಬರೀ ಒಣ ಧೂಳು. ನಾನು ಹಾಕಿದ ನೀರೆಲ್ಲ ಉಂಡೆಯ ಪಕ್ಕದಿಂದ ಜಾರಿ ಕೆಳಗಿನ ತೂತಿನಿಂದ ಹೋಗುತ್ತಿತ್ತು. ಬೇರು ಇದ್ದದ್ದೆಲ್ಲ ಉಂಡೆಯ ಒಳಗೆ. ದಿನಾ ನೀರು ಕುಡಿಸಿಯೂ ಗಿಡವನ್ನು ಬಾಯಾರಿಕೆಯಲ್ಲೇ ಇಟ್ಟಿದ್ದೆ.

ನಿಮ್ಮ ಕುಂಡಕ್ಕೆ ನೀರು ಹಾಕಿದ ಕೂಡಲೇ ಕೆಳಗಿನಿಂದ ಸುರಿಯುತ್ತದಾ? ಹಾಗಿದ್ದರೆ ಇದೇ ಕಥೆ ಇರಬಹುದು. ಒಂದು ದೊಡ್ಡ ಬಕೆಟ್ಟಿನಲ್ಲಿ ನೀರು ತುಂಬಿ ಕುಂಡವನ್ನು ಅದರಲ್ಲಿ ಮುಳುಗಿಸಿಡಿ. ಗುಳ್ಳೆ ಬರುವುದು ನಿಲ್ಲುವವರೆಗೆ ಬಿಡಿ, ಅರ್ಧ ಗಂಟೆ ಆಗಬಹುದು. ಆಮೇಲೆ ಕುಂಡ ಬೋರಲು ಹಾಕಿ ಗಿಡವನ್ನು ಮೆಲ್ಲಗೆ ಹೊರಗೆ ತೆಗೆದು, ಉಂಡೆಯ ಹೊರ ಅಂಚನ್ನು ಬೆರಳಿನಿಂದ ಬಿಡಿಸಿ. ಸುತ್ತಿಕೊಂಡ ಬೇರಿದ್ದರೆ ಸಡಿಲ ಮಾಡಿ.

ಆಗ ಇನ್ನೊಂದು ಎಣಿಸಿ: ಬುಡದಲ್ಲಿ ಎಷ್ಟು ಕಾಂಡ ಇವೆ? ಗಿಡ ತುಂಬಿಕೊಂಡ ಹಾಗೆ ಕಾಣಲಿ ಅಂತ ಒಂದೇ ಕವರಿನಲ್ಲಿ ನಾಲ್ಕೈದು ಸಸಿ ಬೆಳೆಸಿರುವುದು ಬಹಳ ಸಾಮಾನ್ಯ. ನೀವು ಒಂದು ಗಿಡ ಅಂದುಕೊಂಡದ್ದು ನಿಜಕ್ಕೂ ಐದು ಗಿಡ ಇರಬಹುದು. ಇಷ್ಟೇ ಮಣ್ಣಿಗೆ ಐದು ಜನ ಕಿತ್ತಾಡಿದರೆ ಯಾರೂ ಬೆಳೆಯುವುದಿಲ್ಲ ಅಲ್ವಾ? ಮಣ್ಣು ಚೆನ್ನಾಗಿ ನೆನೆದಿರುವಾಗ ಬಿಡಿಸಿದರೆ ಬೇರು ಜಾಸ್ತಿ ಹರಿಯುವುದಿಲ್ಲ. ದಪ್ಪ ಕಾಂಡದ ಒಂದೋ ಎರಡೋ ಇಟ್ಟುಕೊಂಡು ಉಳಿದದ್ದನ್ನು ಬೇರೆ ಕುಂಡಕ್ಕೆ ನೆಡಿ, ಇಲ್ಲ ಪಕ್ಕದ ಮನೆಯವರಿಗೆ ಕೊಡಿ. ಬಿಡಿಸಿದ ಮೇಲೆ ಒಂದು ವಾರ ನೆರಳಿನಲ್ಲಿಡಿ. ಸ್ವಲ್ಪ ಬಾಡುತ್ತದೆ, ಹೆದರಬೇಡಿ.

ಈ ಕೆಲಸ ಡಿಸೆಂಬರ್, ಜನವರಿಯಲ್ಲಿ ಮಾತ್ರ ಬೇಡ. ಬೆಂಗಳೂರಿನ ಚಳಿಗೆ ಕರಿಬೇವು ನಿದ್ದೆ ಹೋಗುತ್ತದೆ. ಹೊಸ ಚಿಗುರು ಬರುವುದಿಲ್ಲ, ಒಂದಷ್ಟು ಹಳೆಯ ಎಲೆ ಹಳದಿಯಾಗಿ ಉದುರುತ್ತದೆ. ಅದು ರೋಗವಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಡಿಡಬ್ಲ್ಯುಡಿ-1 ತಳಿ ಘಮಕ್ಕೆ ಹೆಸರುವಾಸಿ. ಅದೂ ಚಳಿಗಾಲದಲ್ಲಿ ಸರಿಯಾಗಿ ಚಿಗುರೊಡೆಯುವುದಿಲ್ಲ. ಆ ತಿಂಗಳುಗಳಲ್ಲಿ ಗೊಬ್ಬರ ಸುರಿದು ಗಿಡ ಎಬ್ಬಿಸಲು ಹೋಗಬೇಡಿ, ನೀರೂ ಕಡಿಮೆ ಮಾಡಿ. ಯುಗಾದಿ ಹೊತ್ತಿಗೆ ತಾನೇ ಏಳುತ್ತದೆ. ಕುಂಡ ಬದಲಿಸಲು ಆಗಿನಿಂದ ಮುಂಗಾರಿನವರೆಗೆ ಒಳ್ಳೆಯ ಸಮಯ.

ಹೊಸ ಕುಂಡ 12 ಇಂಚಿಗಿಂತ ಚಿಕ್ಕದು ಬೇಡ. ಎರಡು ವರ್ಷದ ನಂತರ 16 ಅಥವಾ 18 ಇಂಚಿನದಕ್ಕೆ ಬದಲಿಸಿ. ನನ್ನ ಮಣ್ಣಿನ ಲೆಕ್ಕ ಸುಲಭ: ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ ಅಥವಾ ಕಾಂಪೋಸ್ಟ್, ಒಂದು ಪಾಲು ದಪ್ಪ ಮರಳು, ಒಂದು ಹಿಡಿ ಬೇವಿನ ಹಿಂಡಿ.

ನೀರನ್ನು ಗಡಿಯಾರ ನೋಡಿ ಹಾಕಬೇಡಿ, ಬೆರಳಿನಿಂದ ನೋಡಿ. ಎರಡು ಇಂಚು ಒಳಗೆ ಒಣಗಿದ್ದರೆ ತೂತಿನಿಂದ ಬರುವಷ್ಟು ಹಾಕಿ, ಒದ್ದೆ ಇದ್ದರೆ ಬಿಡಿ. ಏಪ್ರಿಲ್ ಬಿಸಿಲಿನಲ್ಲಿ ನಾನು ದಿನಾ ಹಾಕುತ್ತೇನೆ. ಮಳೆಗಾಲದಲ್ಲಿ ವಾರಗಟ್ಟಲೆ ಹಾಕುವುದೇ ಇಲ್ಲ.

ಇನ್ನು ಹಳದಿ ಎಲೆ. ಯಾವ ಎಲೆ ಮೊದಲು ಹಳದಿಯಾಯಿತು ಅಂತ ನೀವು ಬರೆದಿಲ್ಲ, ಅದು ಬಹಳ ಮುಖ್ಯ. ಕೆಳಗಿನ ಹಳೆಯ ಎಲೆಗಳು ಪೂರ್ತಿ ಹಳದಿಯಾಗುತ್ತಿದ್ದರೆ, ಚಳಿಗಾಲವೂ ಅಲ್ಲದಿದ್ದರೆ, ಗಿಡಕ್ಕೆ ಸಾರಜನಕ ಸಾಲುತ್ತಿಲ್ಲ. ಮೇಲಿನ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ. ಬೋರ್‌ವೆಲ್ಲಿನ ಗಡಸು ನೀರು ಹಾಕುವ ಮನೆಗಳಲ್ಲಿ ಇದು ಜಾಸ್ತಿ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಆ ನೀರಿನ ಕ್ಷಾರದಿಂದ ಬೇರಿಗೆ ಅದನ್ನು ಹೀರಲು ಆಗುವುದಿಲ್ಲ. ಒಂದು ಲೀಟರ್ ನೀರಿಗೆ 2 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್, ಅಂದರೆ ಕಬ್ಬಿಣದ ಲವಣ) ಕರಗಿಸಿ ತಿಂಗಳಿಗೊಮ್ಮೆ ಬುಡಕ್ಕೆ ಹಾಕಿ. ಸಾಧ್ಯವಾದರೆ ಮಳೆನೀರು ಹಿಡಿದಿಟ್ಟುಕೊಂಡು ಹಾಕಿ. ನನ್ನ ಗಿಡಕ್ಕೆ ಅದರಷ್ಟು ಹಿತವಾದದ್ದು ಬೇರೆ ಕಂಡಿಲ್ಲ.

ಈಗ ಮಜ್ಜಿಗೆ. ನಮ್ಮ ಅಜ್ಜಿಯೂ ಹಾಕುತ್ತಿದ್ದರು. ಆದರೆ ಅವರ ಗಿಡ ಹಿತ್ತಲಿನ ನೆಲದಲ್ಲಿತ್ತು, ಬಚ್ಚಲ ನೀರು ಹರಿಯುವ ಜಾಗದಲ್ಲಿ. ಚೆನ್ನಾಗಿ ತೆಳ್ಳಗೆ ಮಾಡಿದ ಮಜ್ಜಿಗೆ ತಿಂಗಳಿಗೊಮ್ಮೆ ಒಂದು ಲೋಟ ಹಾಕಿದರೆ ತೊಂದರೆಯಿಲ್ಲ, ಸ್ವಲ್ಪ ಪೋಷಣೆಯೂ ಸಿಗುತ್ತದೆ. ಗಟ್ಟಿ ಮಜ್ಜಿಗೆಯನ್ನು ವಾರ ವಾರ ಕುಂಡಕ್ಕೆ ಸುರಿದರೆ ವಾಸನೆ, ಇರುವೆ, ಮಣ್ಣಿನ ಮೇಲೆ ಜಿಡ್ಡು. ಉಪ್ಪು ಹಾಕಿದ ಮಜ್ಜಿಗೆಯಂತೂ ಬೇಡವೇ ಬೇಡ. ನಾನು ನಂಬುವುದು ಕಡಲೆಕಾಯಿ ಹಿಂಡಿಯನ್ನು. ಒಂದು ಹಿಡಿ ಹಿಂಡಿಯನ್ನು ಒಂದು ಲೀಟರ್ ನೀರಿನಲ್ಲಿ ಮೂರು ದಿನ ನೆನೆಸಿ, ತಿಳಿಗೆ ಹತ್ತು ಪಾಲು ನೀರು ಸೇರಿಸಿ ಹದಿನೈದು ದಿನಕ್ಕೊಮ್ಮೆ ಹಾಕುತ್ತೇನೆ. ನಾರುತ್ತದೆ, ಆದರೆ ಚಿಗುರು ನೋಡಿದರೆ ಅದು ಮರೆತುಹೋಗುತ್ತದೆ.

ಬಿಸಿಲು ದಿನಕ್ಕೆ ಐದು ಗಂಟೆಯಾದರೂ ಬೀಳಬೇಕು. ಉತ್ತರಕ್ಕೆ ಮುಖ ಮಾಡಿದ ಬಾಲ್ಕನಿಯಾಗಿದ್ದರೆ ಮೇಲೆ ಹೇಳಿದ್ದೆಲ್ಲ ಮಾಡಿದರೂ ಗಿಡ ತೆಳ್ಳಗೇ ಇರುತ್ತದೆ. ತಾರಸಿಗೆ ಒಯ್ಯಲು ಆಗುತ್ತಾ ನೋಡಿ.

ಒಗ್ಗರಣೆಗೆ ಎಲೆ ಹೇಗೆ ತೆಗೆಯುತ್ತೀರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಕೆಳಗಿನಿಂದ ಒಂದೊಂದೇ ಎಸಳು ಕೀಳುತ್ತಾ ಹೋದರೆ ಕೊನೆಗೆ ಉದ್ದ ಕೋಲಿನ ತುದಿಯಲ್ಲಿ ನಾಲ್ಕು ಎಲೆ ಉಳಿಯುತ್ತದೆ. ಗಿಡ ಎರಡು ಅಡಿ ಬೆಳೆಯುವವರೆಗೆ ಅಂಗಡಿಯ ಸೊಪ್ಪನ್ನೇ ಬಳಸಿ, ದಯವಿಟ್ಟು. ಆಮೇಲೆ ತುದಿಯನ್ನೇ ಕತ್ತರಿಯಿಂದ ಕತ್ತರಿಸಿ ಅಡಿಗೆಗೆ ತನ್ನಿ. ಕತ್ತರಿಸಿದ ಜಾಗದ ಕೆಳಗಿನಿಂದ ಎರಡು ಮೂರು ಕವಲು ಒಡೆಯುತ್ತವೆ. ಹೂವಿನ ಮೊಗ್ಗು ಬಂದರೂ ತೆಗೆದುಬಿಡಿ, ಶಕ್ತಿ ಎಲೆಗೆ ಹೋಗಲಿ.

ಎಲೆ ಮೇಲೆ ಹಕ್ಕಿ ಹಿಕ್ಕೆಯ ಹಾಗೆ ಏನಾದರೂ ಕಂಡರೆ ಹತ್ತಿರದಿಂದ ನೋಡಿ. ಅದು ನಿಂಬೆ ಚಿಟ್ಟೆಯ ಮರಿಹುಳ. ಕರಿಬೇವು ನಿಂಬೆಯ ಕುಟುಂಬದ್ದೇ ಆದ್ದರಿಂದ ಚಿಟ್ಟೆ ಇಲ್ಲೂ ಮೊಟ್ಟೆ ಇಡುತ್ತದೆ. ಬೆಳೆದಂತೆ ಹುಳ ಹಸಿರಾಗಿ, ಚಿಕ್ಕ ಗಿಡವನ್ನು ಕೆಲವೇ ದಿನಗಳಲ್ಲಿ ಬೋಳು ಮಾಡುತ್ತದೆ. ಔಷಧಿ ಹೊಡೆಯಬೇಡಿ, ನೀವು ತಿನ್ನುವ ಸೊಪ್ಪು ಅದು. ಕೈಯಿಂದ ಎತ್ತಿ ಪಾರ್ಕಿನ ನಿಂಬೆ ಗಿಡದ ಮೇಲೆ ಬಿಟ್ಟುಬನ್ನಿ. ಕಾಂಡಕ್ಕೆ ಕಂದು ಚುಕ್ಕೆಗಳಂತೆ ಅಂಟಿಕೊಂಡ ಕೀಟ ಇದ್ದು ಇರುವೆ ಓಡಾಡುತ್ತಿದ್ದರೆ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ ತೆಗೆಯಿರಿ. ಆಮೇಲೆ ಲೀಟರಿಗೆ 5 ಮಿಲಿ ಬೇವಿನೆಣ್ಣೆ, ಒಂದೆರಡು ಹನಿ ಸೋಪಿನ ದ್ರವ ಬೆರೆಸಿ ಸಂಜೆ ಸಿಂಪಡಿಸಿ. ಒಂದು ವಾರ ಎಲೆ ಕೀಳಬೇಡಿ, ಕಿತ್ತ ಮೇಲೆ ಚೆನ್ನಾಗಿ ತೊಳೆಯಿರಿ.

ಗಿಡ ಹೊರಗೆ ತೆಗೆದಾಗ ಎಷ್ಟು ಕಾಂಡ ಸಿಕ್ಕವು, ಬೇರು ಯಾವ ಬಣ್ಣ ಇತ್ತು ಅಂತ ಇಲ್ಲೇ ಬರೆಯಿರಿ. ಬೇರು ಗಟ್ಟಿಯಾಗಿ ತಿಳಿ ಬಣ್ಣದಲ್ಲಿದ್ದರೆ ಗಿಡ ಉಳಿಯುತ್ತದೆ. ಕಪ್ಪಾಗಿ ಮೆತ್ತಗಾಗಿದ್ದರೆ ಕೊಳೆತ ಭಾಗವನ್ನೆಲ್ಲ ಕತ್ತರಿಸಿ, ಹೊಸ ಮಣ್ಣಿಗೆ ನೆಟ್ಟು, ಮೇಲಿನ ಎಲೆಯನ್ನೂ ಅರ್ಧ ಕಡಿಮೆ ಮಾಡಿ. ನನ್ನ ಈಗಿನ ಗಿಡವೂ ಒಮ್ಮೆ ಆ ಸ್ಥಿತಿಗೆ ಹೋಗಿ ಹೀಗೇ ಉಳಿದುಕೊಂಡದ್ದು.