ನುಡಿ ಫೈಲು ಉಬುಂಟುವಿನಲ್ಲಿ ಯಾಕೆ ಹೀಗೆ ಕಾಣುತ್ತದೆ?

ಪ್ರಶ್ನೆ: ಸರ್, ಶಾಲೆಯ ಕಂಪ್ಯೂಟರಿಗೆ ವಿಂಡೋಸ್ ಬದಲು ಉಬುಂಟು (ಲಿನಕ್ಸ್ ಆಧಾರಿತ ಉಚಿತ ಕಾರ್ಯಾಚರಣಾ ವ್ಯವಸ್ಥೆ) ಹಾಕಿಸಿದೆವು. ನುಡಿಯಲ್ಲಿ ಬರೆದ ಹಳೆಯ ಪ್ರಶ್ನೆಪತ್ರಿಕೆಗಳನ್ನು ಬರವಣಿಗೆ ತಂತ್ರಾಂಶವಾದ ಲಿಬ್ರೆ ಆಫೀಸ್‌ನಲ್ಲಿ ತೆರೆದರೆ ಕನ್ನಡದ ಬದಲು ಏನೇನೋ ಇಂಗ್ಲಿಷ್ ಅಕ್ಷರಗಳು. ಮತ್ತೆ ವಿಂಡೋಸ್ ಹಾಕಿಸೋಣವೇ?
– ಒಬ್ಬ ಶಿಕ್ಷಕರು, ಹಾವೇರಿ

ಉತ್ತರ: ಬೇಡ. ಈ ಪ್ರಶ್ನೆಗೆ ಉತ್ತರಿಸಿ ಉತ್ತರಿಸಿ ಸಾಕಾಗಿದೆ, ಆದರೂ ಬರೆಯುತ್ತೇನೆ. ಕನ್ನಡಿಗರ ಮನೆ, ಶಾಲೆಗಳಲ್ಲಿ ಉಬುಂಟುವಿನಂಥ ಮುಕ್ತ ತಂತ್ರಾಂಶ ನಿಲ್ಲದಿರುವುದಕ್ಕೆ ದೊಡ್ಡ ಕಾರಣ ನಿಮ್ಮ ಆ ಹಳೆಯ ಫೈಲುಗಳೇ.

ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಮಾದರಿಯ ಆಸ್ಕಿ ಫಾಂಟ್‌ನಲ್ಲಿ ಬರೆದ ಫೈಲಿನೊಳಗೆ ಕನ್ನಡವೇ ಇರುವುದಿಲ್ಲ. ನುಡಿಯಲ್ಲಿ ನೀವು ‘ಕ’ ಬರೆದರೆ ಫೈಲಿಗೆ ಸೇರುವುದು ಇಂಗ್ಲಿಷಿನ ದೊಡ್ಡ ‘ಪಿ’, ಪಕ್ಕದಲ್ಲಿ ತಲೆಕಟ್ಟಿಗೆಂದು ನೆತ್ತಿಯ ಮೇಲೆ ಗೀಟಿರುವ ಒಂದು ‘ಎ’. ಅವನ್ನು ಕನ್ನಡವಾಗಿ ತೋರಿಸುವುದು ಫಾಂಟ್. ಫಾಂಟ್ ಇಲ್ಲದ ಕಡೆ ಬಣ್ಣ ಬಯಲು. ಎಲ್ಲ ಭಾಷೆಗಳ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಹಾಗಲ್ಲ, ‘ಕ’ಕ್ಕೆ 0ಸಿ95 ಎಂಬ ಸ್ವಂತ ಸಂಖ್ಯೆಯೇ ಇದೆ.

‘ನುಡಿ ಫಾಂಟನ್ನೇ ಉಬುಂಟುಗೆ ಹಾಕಿಬಿಡಿ’ ಎನ್ನುವ ರಿಪೇರಿಯವರ ಮಾತು ಕೇಳಬೇಡಿ. ಅಕ್ಷರ ಕಾಣುತ್ತದೆ, ನಿಜ. ಆದರೆ ಕನ್ನಡ ಪದ ಹುಡುಕಿದರೆ ಸಿಗದು, ಮೊಬೈಲಿಗೆ ಕಳಿಸಿದರೆ ಮತ್ತೆ ಅದೇ ಅವಾಂತರ.

ಮೊದಲು ಎಲ್ಲ ಫೈಲುಗಳನ್ನೂ ಪೆನ್‌ಡ್ರೈವ್‌ಗೆ ನಕಲು ಮಾಡಿಡಿ. ಇನ್ನು ತಿದ್ದುವುದಿಲ್ಲ, ಮುದ್ರಿಸಿದರೆ ಸಾಕು ಎನ್ನುವವನ್ನು ನುಡಿ ಇರುವ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿಸಿ. ಫಾಂಟ್ ಅದರೊಳಗೇ ಕೂರುತ್ತದೆ. ತಿದ್ದಬೇಕಾದವನ್ನು ಮಾತ್ರ ಆಸ್ಕಿ–ಯುನಿಕೋಡ್ ಪರಿವರ್ತಕಕ್ಕೆ ಕೊಡಿ. ಇಡೀ ಪುಟವನ್ನು ಒಮ್ಮೆಗೇ ಸುರಿಯಬೇಡಿ. ನಡುವಿನ ಇಂಗ್ಲಿಷ್ ಪದಗಳನ್ನೂ ಅದು ಕನ್ನಡವೆಂದೇ ತಿಳಿದು ಕೆಡಿಸುತ್ತದೆ. ಕನ್ನಡದ ಸಾಲುಗಳನ್ನಷ್ಟೇ ಕೊಡಿ. ಆಮೇಲೆ ಅರ್ಕಾವತ್ತು ನೋಡಿ. ಆಸ್ಕಿಯಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯುನಿಕೋಡ್‌ನಲ್ಲಿ ರಕಾರವೇ ಮೊದಲು. ಹೀಗಾಗಿ ‘ವರ್ಷ’, ‘ಸೂರ್ಯ’ದಂಥ ಪದಗಳಲ್ಲಿ ಎಡವಟ್ಟಾಗಬಹುದು. ಕಣ್ಣಿಟ್ಟು ಓದದೆ ಮುದ್ರಣಕ್ಕೆ ಕೊಡಲೇಬೇಡಿ.

ಟೈಪಿಂಗ್ ಹೊಸದಾಗಿ ಕಲಿಯಬೇಕಿಲ್ಲ. ಕನ್ನಡ ಟೈಪಿಂಗ್‌ಗೆ ಬೇಕಾದ ಐಬಸ್-ಎಂ17ಎನ್ ಪ್ಯಾಕೇಜ್ ಹಾಕಿ, ಲಾಗ್‌ಔಟ್ ಮಾಡಿ ಮತ್ತೆ ಒಳಬನ್ನಿ. ಸೆಟ್ಟಿಂಗ್ಸ್‌ನ ಕೀಬೋರ್ಡ್ ವಿಭಾಗದಲ್ಲಿ ಕನ್ನಡ, ಕೆಜಿಪಿ ಆರಿಸಿದರೆ ನಿಮ್ಮ ಬೆರಳಿಗೆ ರೂಢಿಯಾದ ಕಗಪ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ವಿನ್ಯಾಸವೇ ಸಿಗುತ್ತದೆ.

ಲಿಬ್ರೆ ಆಫೀಸ್ ಕನ್ನಡವನ್ನು ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ (ಸಿಟಿಎಲ್) ಗುಂಪಿಗೆ ಸೇರಿಸುತ್ತದೆ, ಆ ಗುಂಪಿನ ಫಾಂಟನ್ನು ಬೇರೆಯಾಗಿಯೇ ಆರಿಸಬೇಕು. ಟೂಲ್ಸ್, ಆಪ್ಷನ್ಸ್‌ಗೆ ಹೋಗಿ ಭಾಷೆಯ ವಿಭಾಗದಲ್ಲಿ ಕನ್ನಡವನ್ನೂ, ರೈಟರ್ ವಿಭಾಗದ ‘ಬೇಸಿಕ್ ಫಾಂಟ್ಸ್ – ಸಿಟಿಎಲ್’ನಲ್ಲಿ ನೋಟೋ ಸಾನ್ಸ್ ಕನ್ನಡ ಫಾಂಟನ್ನೂ ಇಡಿ. ಇಷ್ಟು ಮಾಡದೆ ‘ಫಾಂಟ್ ಬದಲಾಗುತ್ತಲೇ ಇಲ್ಲ’ ಎಂದು ದೂರುವವರೇ ಹೆಚ್ಚು.

ಪ್ರಶ್ನೆ: ಪುಕ್ಕಟೆ ತಂತ್ರಾಂಶದಲ್ಲಿ ವೈರಸ್ ಇರುತ್ತದಂತೆ?

ಉತ್ತರ: ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ, ಆ ಭಯ ಬೇಡ. ಭಯಪಡಬೇಕಾದದ್ದು ಅಂಗಡಿಯವರು ಹಾಕಿಕೊಡುವ ‘ಕ್ರ್ಯಾಕ್’ (ಪರವಾನಗಿ ಇಲ್ಲದ ಕಳ್ಳ ಪ್ರತಿ) ಆಫೀಸ್‌ಗೆ.

ಪ್ರಶ್ನೆ: ಲಿನಕ್ಸ್‌ನಲ್ಲಿ ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ ನಡೆಯುತ್ತದೆಯೇ?

ಉತ್ತರ: ಅದು ವಿಂಡೋಸ್‌ಗಾಗಿ ಮಾಡಿದ ತಂತ್ರಾಂಶ. ಲೆಕ್ಕಪತ್ರದ ಕಂಪ್ಯೂಟರನ್ನು ಇದ್ದಹಾಗೇ ಬಿಡಿ.