ಸೀಟು ಬೇರೆ, ಲೈಸೆನ್ಸ್ ಬೇರೆ: ಸಂಪಾದಕರ ಉತ್ತರ

ತಿಪಟೂರು ಕಡೆಯ ಓದುಗರೊಬ್ಬರು ಮೂರು ಪುಟದ ಕಾಗದ ಬರ್ದಿದಾರೆ. ಹೆಸರು ಹಾಕ್ಬೇಡಿ ಅಂತ ಕೇಳ್ಕೊಂಡಿದಾರೆ, ಹಾಕಲ್ಲ. ವಿಷ್ಯ ಏನಂದ್ರೆ, ಮಗಳು ಈ ಸಲ ಸೆಕೆಂಡ್ ಪಿಯು ಮುಗಿಸಿದಾಳೆ, ಸೈನ್ಸು, 88 ಪರ್ಸೆಂಟ್, ಪೈಲಟ್ ಆಗ್ಬೇಕು ಅಂತಿದಾಳೆ. ಬೆಂಗ್ಳೂರಿನ ಒಂದು ಪ್ರೈವೇಟ್ ಯೂನಿವರ್ಸಿಟಿ ಕೌನ್ಸಿಲರ್ ಮನೆಗೇ ಬಂದು ಕೂತು ಹೇಳಿದಾರೆ, ಮೂರು ವರ್ಷದ ಬಿಎಸ್ಸಿ ಏವಿಯೇಷನ್‌ಗೆ ಹಾಸ್ಟೆಲ್ ಸೇರಿ 16 ಲಕ್ಷ, ಫ್ಲೈಯಿಂಗ್ ಬೇರೆ ಪ್ಯಾಕೇಜು, ಅದು 55 ಲಕ್ಷ. ಶನಿವಾರದೊಳಗೆ 50 ಸಾವಿರ ಟೋಕನ್ ಕಟ್ಟಿದ್ರೆ ಸೀಟು ಬ್ಲಾಕ್ ಮಾಡ್ತೀವಿ ಅಂತ. ಇವ್ರ ಹತ್ರ ನಾಲ್ಕೆಕರೆ ತೆಂಗಿನ ತೋಟ ಇದೆ, ಊರಲ್ಲಿ ಒಂದು ಸೈಟು ಇದೆ. ಸೈಟು ಮಾರೋದು, ತೋಟದ ಮೇಲೆ ಬ್ಯಾಂಕಲ್ಲಿ 50 ಲಕ್ಷ ಸಾಲ ಎತ್ತೋದು ಅಂತ ಲೆಕ್ಕ ಹಾಕಿದಾರೆ. "ಡಿಗ್ರಿ ಇದ್ರೆ ಏರ್‌ಲೈನ್ಸ್‌ನಲ್ಲಿ ಬೇಗ ತಗೋತಾರಂತೆ, ನಿಜವಾ ಸಾರ್? ಅಷ್ಟು ದುಡ್ಡಿಗೆ ಬೆಲೆ ಇದೆಯಾ?" ಇದು ಅವ್ರ ಪ್ರಶ್ನೆ.

ಯಜಮಾನ್ರೆ, ಶನಿವಾರ ಟೋಕನ್ ಕಟ್ಬೇಡಿ. ಮೊದಲು ಇದನ್ನ ಹೇಳ್ಬಿಟ್ಟು ಆಮೇಲೆ ಮುಂದಿನ ಮಾತು.

ನೀವು ಕೇಳಿರೋ ಒಂದು ಪ್ರಶ್ನೆಯೊಳಗೆ ಎರಡು ಪ್ರಶ್ನೆ ಸೇರ್ಕೊಂಡಿವೆ, ಕೌನ್ಸಿಲರ್ ಅವೆರಡನ್ನೂ ಒಂದೇ ಗಂಟಲ್ಲಿ ಕಟ್ಟಿ ನಿಮ್ಮ ಕೈಗೆ ಕೊಟ್ಟಿದಾರೆ. ನಿಮ್ಮ ಮಗಳು ವಿಮಾನ ಹಾರಿಸ್ಬೇಕು ಅಂದ್ರೆ ಅವಳಿಗೆ ಬೇಕಾಗಿರೋದು ಸಿಪಿಎಲ್, ಅಂದ್ರೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್. ಅದನ್ನ ಕೊಡೋದು ಯೂನಿವರ್ಸಿಟಿ ಅಲ್ಲ, ಡಿಜಿಸಿಎ, ಅಂದ್ರೆ ವಿಮಾನಯಾನದ ಮೇಲೆ ಕಣ್ಣಿಡೋ ಕೇಂದ್ರ ಸರ್ಕಾರದ ಸಂಸ್ಥೆ. ಡಿಜಿಸಿಎ ಏನು ಕೇಳುತ್ತೆ? ಪಿಯುಸಿಲಿ ಫಿಸಿಕ್ಸು ಮ್ಯಾಥ್ಸು, 18 ವರ್ಷ ವಯಸ್ಸು, ಕ್ಲಾಸ್ 1 ಮೆಡಿಕಲ್ ಅನ್ನೋ ಆರೋಗ್ಯ ತಪಾಸಣೆ, ನ್ಯಾವಿಗೇಷನ್ನು ಮೆಟಿಯರಾಲಜಿ ರೆಗ್ಯುಲೇಷನ್ಸು ಟೆಕ್ನಿಕಲ್ ಅಂತ ಪೇಪರ್‌ಗಳು, ಒಂದೊಂದ್ರಲ್ಲೂ ನೂರಕ್ಕೆ 70 ಬರ್ಬೇಕು, ರೇಡಿಯೋ ಲೈಸೆನ್ಸು, ಆಮೇಲೆ 200 ಗಂಟೆ ಹಾರಾಟ, ಅದ್ರಲ್ಲಿ 100 ಗಂಟೆ ತಾನೇ ಪೈಲಟ್ ಇನ್ ಕಮಾಂಡ್ ಆಗಿ, ಅಂದ್ರೆ ವಿಮಾನದ ಪೂರ್ತಿ ಜವಾಬ್ದಾರಿ ಹೊತ್ತು. ಇಷ್ಟೇ. ಈ ಪಟ್ಟಿಯಲ್ಲಿ ಡಿಗ್ರಿ ಎಲ್ಲಿದೆ ಅಂತ ನಾನು ಹುಡುಕಿದೀನಿ, ನೀವೂ ಹುಡುಕಿ, ಇಲ್ಲ. ನಮ್ಮ ಏರ್‌ಲೈನ್ಸ್‌ನವರು ಫಸ್ಟ್ ಆಫೀಸರ್, ಅಂದ್ರೆ ಕೋ-ಪೈಲಟ್, ತಗೋಬೇಕಾದ್ರೂ ಕೇಳೋದು ಇದನ್ನೇ, ಜೊತೆಗೆ ಅವ್ರದ್ದೇ ಪರೀಕ್ಷೆ, ಸಿಮ್ಯುಲೇಟರ್ ಚೆಕ್ಕು.

ಡಿಗ್ರಿ ಪರವಾಗಿ ಮಾತೇ ಇಲ್ಲ ಅಂತಲ್ಲ, ಅದನ್ನೂ ಹೇಳ್ತೀನಿ. ಅಮೆರಿಕದಲ್ಲಿ ಏರ್‌ಲೈನ್ ಪೈಲಟ್ ಆಗೋಕೆ 1500 ಗಂಟೆ ಬೇಕು, 2013ರಿಂದ ಆ ರೂಲ್ ಇದೆ, ಒಪ್ಪಿಗೆ ಪಡೆದ ಕಾಲೇಜಿನಲ್ಲಿ ಏವಿಯೇಷನ್ ಬ್ಯಾಚುಲರ್ ಡಿಗ್ರಿ ಮಾಡಿದವ್ರಿಗೆ ಮಾತ್ರ 1000 ಗಂಟೆ ಸಾಕು. ಅಲ್ಲಿ ಡಿಗ್ರಿಗೆ 500 ಗಂಟೆ ಬೆಲೆ ಇದೆ, ದುಬಾರಿ ಆದ್ರೂ ಜನ ಲೆಕ್ಕ ಹಾಕಿ ಸೇರ್ತಾರೆ. ನಮ್ಮಲ್ಲಿ ಡಿಗ್ರಿಗೆ ಒಂದು ಗಂಟೆ ರಿಯಾಯ್ತಿನೂ ಇಲ್ಲ. ಅಲ್ಲಿಯ ಮಾತನ್ನ ತಂದು ಇಲ್ಲಿಯ ಜಗಲಿ ಮೇಲೆ ಹೇಳಿದ್ರೆ ಕೇಳೋಕೆ ಚೆನ್ನಾಗಿರುತ್ತೆ, ಆದ್ರೆ ಅದು ತಿಪಟೂರಿನ ಹುಡುಗಿಗೆ ಉಪಯೋಗಕ್ಕೆ ಬರಲ್ಲ. ಇನ್ನು ವಿಮಾನ ಹಾರಿಸೋದಲ್ಲ, ವಿಮಾನ ಮಾಡೋದು ಅಂದ್ರೆ ಆ ದಾರಿನೇ ಬೇರೆ, ಅದಕ್ಕೆ ಏರೋನಾಟಿಕಲ್ ಇಂಜಿನಿಯರಿಂಗ್ ಓದ್ಲೇಬೇಕು. ಬೆಂಗ್ಳೂರಿನ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದ್ರೆ ಐಐಎಸ್‌ಸಿಲಿ, 1942ರಲ್ಲೇ ಆ ವಿಭಾಗ ಶುರುವಾಯ್ತು, ಇಂಜಿನಿಯರ್ ಘಾಟ್ಗೆಯವ್ರು ಎಚ್‌ಎಎಲ್‌ನಲ್ಲಿ ಡಿಸೈನ್ ಮಾಡಿದ ಎಚ್‌ಟಿ-2 ಅನ್ನೋ ತರಬೇತಿ ವಿಮಾನ 1951ರಲ್ಲಿ ಹಾರ್ತು, ಆ ಓದಿಗೆ ನಾನು ಕೈ ಮುಗೀತೀನಿ. ಆದ್ರೆ ನಿಮ್ಮ ಮಗಳು ಕೇಳ್ತಿರೋದು ಅದಲ್ಲ, ನಿಮಗೆ ಮಾರ್ತಿರೋದೂ ಅದಲ್ಲ.

ಈಗ ದುಡ್ಡಿನ ಮಾತು. 50 ಲಕ್ಷ, ಶೇಕಡಾ 11ರ ಬಡ್ಡಿ, ಹತ್ತು ವರ್ಷ ಅಂತ ಇಟ್ಕೊಳ್ಳಿ. ತಿಂಗಳಿಗೆ ಸುಮಾರು 69 ಸಾವಿರ ಕಂತು. ಹತ್ತು ವರ್ಷಕ್ಕೆ ನೀವು ವಾಪಸ್ ಕಟ್ಟೋದು ಹೆಚ್ಚುಕಮ್ಮಿ 83 ಲಕ್ಷ. ಓದೋ ವರ್ಷಗಳಲ್ಲಿ ಕಂತು ಇಲ್ಲ ಅಂತ ಹೇಳಿರ್ತಾರೆ, ನಿಜ, ಆದ್ರೆ ಬಡ್ಡಿ ನಿಲ್ಲಲ್ಲ, ಅದು ಬೆಳೀತಾನೇ ಇರುತ್ತೆ, ನಾನು ಹೇಳಿದ ಲೆಕ್ಕದಲ್ಲಿ ಆ ಬಡ್ಡಿ ಸೇರೇ ಇಲ್ಲ. ಇಷ್ಟೆಲ್ಲ ಆದ್ಮೇಲೂ ಏರ್‌ಬಸ್ಸೋ ಬೋಯಿಂಗೋ ಹಾರಿಸ್ಬೇಕು ಅಂದ್ರೆ ಟೈಪ್ ರೇಟಿಂಗ್, ಅಂದ್ರೆ ಆ ಒಂದು ಮಾದರಿ ವಿಮಾನಕ್ಕೇ ಅಂತ ಬೇರೆ ತರಬೇತಿ, ಮಾಡ್ಬೇಕು, ಅದಕ್ಕೆ ಮತ್ತೆ 15ರಿಂದ 20 ಲಕ್ಷ. ನಿಮ್ಮ ಕಾಗದದಲ್ಲಿ ಈ ಟೈಪ್ ರೇಟಿಂಗ್ ಅನ್ನೋ ಪದನೇ ಇಲ್ಲ, ಅಂದ್ರೆ ಕೌನ್ಸಿಲರ್ ಹೇಳಿಲ್ಲ. ಹೇಳ್ಬೇಕಿತ್ತು. ಕೊಬ್ಬರಿ ರೇಟು ಒಂದು ವರ್ಷ ಇದ್ದಂಗೆ ಇನ್ನೊಂದು ವರ್ಷ ಇರಲ್ಲ ಅಂತ ನಿಮಗೆ ನಾನು ಹೇಳ್ಬೇಕಾ? ಎಪಿಎಂಸಿ ಯಾರ್ಡಲ್ಲಿ ನಿಂತು ಕ್ವಿಂಟಾಲ್‌ಗೆ ಇಷ್ಟು ಅಂದಾಗ ಹೊಟ್ಟೆ ತಣ್ಣಗಾಗೋದು ನಿಮಗೆ ಗೊತ್ತು. ಏರ್‌ಲೈನ್ಸ್ ಕೆಲಸಾನೂ ಹಂಗೇನೇ. ಕಿಂಗ್‌ಫಿಷರ್ 2012ರಲ್ಲಿ ನಿಂತೋಯ್ತು, ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ, ಗೋ ಫಸ್ಟ್ 2023ರ ಮೇ ತಿಂಗಳಲ್ಲಿ. ಒಂದೊಂದು ಕಂಪನಿ ಮುಚ್ಚಿದಾಗಲೂ ಸಾವಿರಾರು ಗಂಟೆ ಹಾರಿಸಿದ ಪೈಲಟ್‌ಗಳು ಬೀದಿಗೆ ಬಂದು ಕ್ಯೂನಲ್ಲಿ ಮುಂದೆ ನಿಂತ್ರು, 200 ಗಂಟೆಯ ಮಕ್ಕಳು ಹಿಂದೆ ಹೋದ್ರು. 2023ರಲ್ಲಿ ಏರ್ ಇಂಡಿಯಾ 470 ವಿಮಾನ, ಇಂಡಿಗೋ 500 ವಿಮಾನ ಆರ್ಡರ್ ಕೊಟ್ಟಿದ್ದೂ ನಿಜ, ಸಂತೋಷದ ವಿಷ್ಯನೇ, ಆದ್ರೆ ಆ ವಿಮಾನಗಳೆಲ್ಲ ಒಂದೇ ದಿನ ಬಂದು ಇಳಿಯಲ್ಲ, ಸಾಲದ ಕಂತು ಮಾತ್ರ ತಿಂಗಳು ತಿಂಗಳು ಬರುತ್ತೆ.

ಹಾಸನ ಕಡೆಯ ನಮ್ಮ ಸ್ನೇಹಿತರ ಮಗ ಒಬ್ಬ ಇದಾನೆ. ಹೊರರಾಜ್ಯದ ಒಂದು ಫ್ಲೈಯಿಂಗ್ ಸ್ಕೂಲಿಗೆ ಸೇರಿದ್ದ, ಯಾವ್ದು ಅಂತ ಬೇಡ. ಹದಿನೆಂಟು ತಿಂಗಳಲ್ಲಿ ಮುಗಿಸ್ತೀವಿ ಅಂದಿದ್ರು. ಒಂದ್ಸಲ ರಜಕ್ಕೆ ಬಂದಾಗ ಅವನ ಲಾಗ್‌ಬುಕ್ ತಂದು ನನ್ನ ಮುಂದಿಟ್ಟ. ಉದ್ದನೆಯ ಪುಸ್ತಕ, ಒಂದೊಂದು ಹಾರಾಟಕ್ಕೆ ಒಂದೊಂದು ಸಾಲು, ತಾರೀಕು, ವಿಮಾನದ ನಂಬರು, ಎಲ್ಲಿಂದ ಎಲ್ಲಿಗೆ, ಎಷ್ಟು ನಿಮಿಷ, ಕೊನೇಲಿ ಇನ್‌ಸ್ಟ್ರಕ್ಟರ್ ಸಹಿ. ಜನವರಿಲಿ ಹನ್ನೊಂದು ಸಾಲು ಇತ್ತು. ಮಾರ್ಚಲ್ಲಿ ಎರಡೇ ಸಾಲು, ಒಂದು 55 ನಿಮಿಷ, ಇನ್ನೊಂದು 40. ಜೂನ್ ಜುಲೈ ಪೂರ್ತಿ ಖಾಲಿ. ಯಾಕಪ್ಪಾ ಅಂದೆ. ಒಂದು ವಿಮಾನ ಕೆಟ್ಟು ನಿಂತಿದೆ ಅಂಕಲ್, ಇನ್ನೊಂದಕ್ಕೆ ನಲವತ್ತು ಜನ ಇದೀವಿ, ಇನ್‌ಸ್ಟ್ರಕ್ಟರ್ ಬಿಟ್ಟೋದ್ರು, ಮಳೆ ಬೇರೆ ಅಂದ. ಹಾಸ್ಟೆಲ್ ಫೀಸು ಮಾತ್ರ ಎಲ್ಲಾ ತಿಂಗಳೂ ಕಟ್ಟಿದಾರೆ. 200 ಗಂಟೆ ಆಗೋಕೆ ಅವನಿಗೆ ಮೂರು ವರ್ಷ ಮೇಲೆ ಹಿಡೀತು. ಆ ಖಾಲಿ ಪುಟದ ಮೇಲೆ ಬೆರಳಿಟ್ಟು ಕೂತಿದ್ದ ಹುಡುಗನ ಮುಖ ನನಗೆ ಇವತ್ತಿಗೂ ಮರ್ತಿಲ್ಲ. ಅದಕ್ಕೇ ಹೇಳ್ತೀನಿ, ಯಾವ ಶಾಲೆಗೇ ಹೋಗಿ, ಬಿಲ್ಡಿಂಗ್ ನೋಡ್ಬೇಡಿ, ಎಷ್ಟು ವಿಮಾನ ಇವತ್ತು ಹಾರೋ ಸ್ಥಿತಿಲಿ ಇದೆ, ಎಷ್ಟು ಇನ್‌ಸ್ಟ್ರಕ್ಟರ್, ಎಷ್ಟು ಮಕ್ಕಳು, ಹೋದ ವರ್ಷ ಸೇರಿದ ಒಬ್ಬರ ಲಾಗ್‌ಬುಕ್ ತೋರ್ಸಿ ಅಂತ ಕೇಳಿ. ತೋರ್ಸಕ್ಕೆ ಹಿಂದೆಮುಂದೆ ನೋಡಿದ್ರೆ ಎದ್ದು ಬನ್ನಿ.

ನೀವು ಬರ್ದಿದೀರಿ, "ಫ್ಲೈಯಿಂಗ್ ಆಗ್ಲಿಲ್ಲ ಅಂದ್ರೂ ಕೈಯಲ್ಲಿ ಡಿಗ್ರಿ ಇರುತ್ತಲ್ಲ, ಏರ್‌ಪೋರ್ಟಲ್ಲಿ ಕೆಲಸ ಸಿಗುತ್ತೆ" ಅಂತ. ಇದು ನಿಮ್ಮ ಮಾತಲ್ಲ, ಅವ್ರು ಹೇಳ್ಕೊಟ್ಟ ಮಾತು. ಪೈಲಟ್‌ಗೆ ನಾಳೆ ಮೆಡಿಕಲ್ ಫೇಲಾದ್ರೆ ಅಂತ ಒಂದು ಆಸರೆ ಬೇಕು, ಅದನ್ನ ನಾನು ಪೂರ್ತಿ ಒಪ್ತೀನಿ. ಆದ್ರೆ ಆಸರೆ ಅಂದ್ರೆ ಬೇರೆ ಕಂಬ ಆಗಿರ್ಬೇಕಲ್ವಾ? 2020ರ ಮಾರ್ಚ್ 25ರಿಂದ ಎರಡು ತಿಂಗಳು ದೇಶದೊಳಗೆ ಮಾಮೂಲಿ ಪ್ಯಾಸೆಂಜರ್ ವಿಮಾನ ಒಂದೂ ಹಾರಲಿಲ್ಲ, ಆವತ್ತು ಪೈಲಟ್ ಲೈಸೆನ್ಸೂ ಮಲಗಿತ್ತು, ಏವಿಯೇಷನ್ ಡಿಗ್ರಿನೂ ಪಕ್ಕದಲ್ಲೇ ಮಲಗಿತ್ತು. ಡಿಗ್ರಿ ಬೇಕೇ ಬೇಕು ಅಂದ್ರೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿಕಾಂ ಕಟ್ಲಿ, ಹಾರ್ತಾ ಹಾರ್ತಾ ಓದ್ಕೊಳ್ಲಿ, 16 ಲಕ್ಷದ ಜಾಗದಲ್ಲಿ ಸಾವಿರಗಳಲ್ಲಿ ಮುಗಿಯುತ್ತೆ.

ಏರ್‌ಪೋರ್ಟ್ ಕೆಲಸದ ಮಾತಿಗೆ ಒಂದು ಹೇಳ್ತೀನಿ ಕೇಳಿ, ಇದು ನಮ್ಮ ಪಿಯು ಮಕ್ಕಳಿಗೆ ಯಾರೂ ಹೇಳ್ದೇ ಇರೋದು. ಟವರ್‌ನಲ್ಲಿ ಕೂತು ವಿಮಾನಗಳಿಗೆ ದಾರಿ ಹೇಳೋ ಏರ್ ಟ್ರಾಫಿಕ್ ಕಂಟ್ರೋಲರ್ ಕೆಲಸ, ಕೇಂದ್ರ ಸರ್ಕಾರದ ಏರ್‌ಪೋರ್ಟ್ಸ್ ಅಥಾರಿಟಿದು, ಒಳ್ಳೇ ಸಂಬಳ. ಅದಕ್ಕೆ ಬೇಕಾಗಿರೋದು ಫಿಸಿಕ್ಸ್ ಮ್ಯಾಥ್ಸ್ ಇರೋ ಬಿಎಸ್ಸಿ, ಇಲ್ಲಾ ಬಿಇ, ಆಮೇಲೆ ಅವ್ರ ಪರೀಕ್ಷೆ. ನಿಮ್ಮ ತಿಪಟೂರಿನ ಕಾಲೇಜಲ್ಲಿ ಬಿಎಸ್ಸಿ ಮಾಡಿದ ಹುಡುಗಿ ಕೂಡ ಅರ್ಜಿ ಹಾಕ್ಬಹುದು. ವಿಮಾನ ರಿಪೇರಿ ಇಷ್ಟ ಅಂದ್ರೆ ಎಎಂಇ, ಅಂದ್ರೆ ಏರ್‌ಕ್ರಾಫ್ಟ್ ಮೇಂಟೆನೆನ್ಸ್ ಇಂಜಿನಿಯರ್ ದಾರಿ ಇದೆ, ಡಿಜಿಸಿಎ ಒಪ್ಪಿದ ಸಂಸ್ಥೇಲಿ ಓದಿ, ಹ್ಯಾಂಗರ್‌ನಲ್ಲಿ, ಅಂದ್ರೆ ವಿಮಾನ ನಿಲ್ಸಿ ರಿಪೇರಿ ಮಾಡೋ ಶೆಡ್ಡಲ್ಲಿ, ಅನುಭವ ತಗೊಂಡು ಲೈಸೆನ್ಸ್ ಪಡೀಬೇಕು, ಅಲ್ಲೂ ಕೊನೆಗೆ ಲೆಕ್ಕಕ್ಕೆ ಬರೋದು ಲೈಸೆನ್ಸೇ.

ಒಂದ್ಸಲ ಬೆಂಗ್ಳೂರಲ್ಲಿ ಒಂದು ಹ್ಯಾಂಗರ್ ಒಳಗೆ ಹೋಗಿದ್ದೆ. ಗೋಡೇಲಿ ಒಂದು ದೊಡ್ಡ ಬೋರ್ಡು, ಒಂದೊಂದು ಸ್ಪ್ಯಾನರ್ರು ಸ್ಕ್ರೂಡ್ರೈವರ್ರು ಕಟಿಂಗ್ ಪ್ಲೇಯರ್ರು ಎಲ್ಲದರ ಆಕಾರ ಅದರ ಮೇಲೆ ಬಣ್ಣದಲ್ಲಿ ಬರ್ದಿದ್ರು, ಆ ಆಕಾರದ ಮೇಲೇ ಅದನ್ನ ನೇತು ಹಾಕ್ಬೇಕು. ಸಂಜೆ ಒಂದು ಆಕಾರ ಖಾಲಿ ಕಾಣ್ತು ಅಂದ್ರೆ ಅದು ಸಿಗೋ ತನಕ ವಿಮಾನ ಹೊರಗೆ ಬಿಡಲ್ಲ. ಅಲ್ಲಿ ಚಿಂತಾಮಣಿ ಕಡೆಯ ಡಿಪ್ಲೊಮಾ ಓದಿದ ಹುಡುಗ ಒಬ್ಬ ಇಂಜಿನ್ ಬೋಲ್ಟ್ ಸಡ್ಲ ಆಗ್ದಿರ್ಲಿ ಅಂತ ಅದಕ್ಕೆ ಸೇಫ್ಟಿ ವೈರ್ ಸುತ್ತುತಿದ್ದ, ಎರಡು ಎಳೆ ಜಡೆ ಹೆಣೆದಂಗೆ ಒಂದೇ ಸಮ ಹೆಣೀತಿದ್ದ, ಮೇಲಿನವರು ಬಂದು ನೋಡಿ ಒಂದು ಕಡೆ ಸಡ್ಲ ಇದೆ ಅಂತ ಕತ್ರಿಸಿ ಹಾಕಿದ್ರು, ಅವನು ಬೇಜಾರು ಮಾಡ್ಕೊಳ್ದೆ ಮತ್ತೆ ಮೊದಲಿಂದ ಶುರು ಮಾಡ್ದ. ಆ ಹುಡುಗನ ಕೈ ನೋಡ್ತಾ ನಿಂತಾಗ ನನಗೆ ಅನ್ಸಿದ್ದು, ವಿದ್ಯೆ ಅಂದ್ರೆ ಇದೂ ವಿದ್ಯೆ ತಾನೇ, ಇದನ್ನ ಯಾಕೆ ನಾವು ಓದು ಅಂತ ಕರಿಯಲ್ಲ. ಬೆಳಗಾವಿ ಹತ್ರ ಹತ್ತರಗಿಲಿ ಏಕಸ್ ಕಂಪನಿಯಲ್ಲಿ ವಿಮಾನದ ಬಿಡಿಭಾಗ ಮಾಡ್ತಾರೆ, ಬೆಂಗ್ಳೂರಿನ ಡೈನಾಮ್ಯಾಟಿಕ್‌ನವರು ಏರ್‌ಬಸ್‌ಗೆ ಭಾಗಗಳನ್ನ ಕೊಡ್ತಾರೆ, ಇಂಥ ಕಡೆ ಮಿಷಿನ್ ಮುಂದೆ ನಿಂತು ಕೆಲಸ ಮಾಡೋರು ಐಟಿಐ, ಡಿಪ್ಲೊಮಾ ಓದಿದ ನಮ್ಮೂರ ಮಕ್ಕಳೇ.

ನನ್ನ ಸಂಕಟ ಎಲ್ಲಿದೆ ಅಂದ್ರೆ, ಇದನ್ನೆಲ್ಲ ಹೇಳ್ಬೇಕಾದ ಜಾಗದಲ್ಲಿ ಹೇಳೋರೇ ಇಲ್ಲ. ಸರ್ಕಾರಿ ಕಾಲೇಜಲ್ಲಿ ಫಿಸಿಕ್ಸ್ ಪಾಠ ಅತಿಥಿ ಉಪನ್ಯಾಸಕರ ಮೇಲೆ ನಡೀತಿದೆ, ಅವ್ರಿಗೆ ತಿಂಗಳ ಸಂಬಳ ಟೈಮಿಗೆ ಬಂದ್ರೆ ಸಾಕಾಗಿದೆ, ಮಕ್ಕಳನ್ನ ಕೂರಿಸ್ಕೊಂಡು ಮುಂದೇನು ಅಂತ ಯಾರು ಮಾತಾಡ್ತಾರೆ? ಆ ಖಾಲಿ ಜಾಗಕ್ಕೆ ಕೌನ್ಸಿಲರ್ ಅಂತ ಹೆಸರಿಟ್ಕೊಂಡು ಸೀಟು ಮಾರೋರು ಬಂದು ಕೂತಿದಾರೆ. ಪಿಯು ಕಾಲೇಜಿನವರೇ ಅವ್ರನ್ನ ಕ್ಲಾಸ್ ಒಳಗೆ ಬಿಟ್ಟು ಮಕ್ಕಳ ಫೋನ್ ನಂಬರ್ ಬರ್ಸಿ ಕೊಡ್ತಾರೆ. ಮೇ ತಿಂಗಳು ಬಂತು ಅಂದ್ರೆ ಪೇಪರ್ ತೆಗೆದ್ರೆ ಫುಲ್ ಪೇಜ್, ಯೂನಿಫಾರಂ ಹಾಕ್ಕೊಂಡು ನಗ್ತಿರೋ ಹುಡುಗ ಹುಡುಗಿ, ಹಿಂದೆ ಒಂದು ವಿಮಾನ. ಆ ವಿಮಾನ ಆ ಕಾಲೇಜಿಂದಾ ಅಂತ ಕೇಳೋರಿಲ್ಲ.

ನಮಗೆ ನಮ್ಮದೇ ಒಂದು ಶಾಲೆ ಇತ್ತು, ಈಗ್ಲೂ ಇದೆ, ಬೆಂಗ್ಳೂರಿನ ಜಕ್ಕೂರಲ್ಲಿ. ಸರ್ಕಾರಿ ವೈಮಾನಿಕ ತರಬೇತಿ ಶಾಲೆ. ಉಷಾ ಸುಂದರಂ ಅಂತ ಒಬ್ಬ ಹೆಣ್ಣುಮಗಳು 1949ರಲ್ಲಿ ಅಲ್ಲೇ ಕಲ್ತು ಹೊರಗೆ ಬಂದ್ರು, 1951ರಲ್ಲಿ ಗಂಡ ಸುಂದರಂ ಜೊತೆ ಡವ್ ಅನ್ನೋ ಸಣ್ಣ ವಿಮಾನವನ್ನ ಲಂಡನ್ನಿಂದ ಬಾಂಬೆಗೆ 27 ಗಂಟೇಲಿ ತಂದು ಇಳಿಸಿದ್ರು. ಎಪ್ಪತ್ತು ವರ್ಷದ ಹಿಂದಿನ ಮಾತು ಇದು! ಅಂಥ ಶಾಲೆ ನಡುವೆ ತರಬೇತಿಯೇ ಇಲ್ಲದೆ ವರ್ಷಗಟ್ಲೆ ಸುಮ್ನೆ ಕೂತಿತ್ತು. ಪಕ್ಕದಲ್ಲಿ ಏರ್‌ಪೋರ್ಟ್ ಫ್ಲೈಓವರ್ ಬಂದು ರನ್‌ವೇಗೂ ತೊಂದರೆ ಆಯ್ತು. ಆ ಶಾಲೆ ಗಟ್ಟಿಯಾಗಿ ನಡೆದಿದ್ರೆ ನೀವು ಇವತ್ತು ತೋಟದ ಪಹಣಿ ಹಿಡ್ಕೊಂಡು ಬ್ಯಾಂಕ್ ಮೆಟ್ಟಿಲು ಹತ್ತೋ ಯೋಚ್ನೆ ಮಾಡ್ತಿರ್ಲಿಲ್ಲ. ನಮ್ಮ ಎಂಎಲ್‌ಎಗಳು ವಿಧಾನಸೌಧದಲ್ಲಿ ಇದರ ಬಗ್ಗೆ ಒಂದು ಗಂಟೆ ಮಾತಾಡ್ಲಿ ಅಂತ ನಾನು ಎಷ್ಟು ಸಲ ಬರ್ದಿದೀನೋ ಲೆಕ್ಕ ಇಲ್ಲ, ಇನ್ನೂ ಬರೀತೀನಿ.

ಒಂದು ಮಾತು, ಬೇಜಾರು ಮಾಡ್ಕೋಬೇಡಿ. ನಿಮ್ಮ ಕಾಗದನ ಎರಡೆರಡು ಸಲ ಓದಿದೆ. ತಂದೆಯಾಗಿ ಎಷ್ಟು ಆಸೆ ಇಟ್ಕೊಂಡಿದೀರಿ ಅಂತ ಪ್ರತಿ ಸಾಲಲ್ಲೂ ಕಾಣುತ್ತೆ, ಹೆಣ್ಣುಮಗಳಿಗೆ ಸೈಟು ಮಾರ್ತೀನಿ ಅಂತ ಹೇಳೋ ಅಪ್ಪ ಎಷ್ಟು ಜನ ಇದಾರೆ ನಮ್ಮಲ್ಲಿ, ನಿಮ್ಮ ಬಗ್ಗೆ ನನಗೆ ಗೌರವ ಹೆಚ್ಚಾಯ್ತು. ಆದ್ರೆ ಮೂರು ಪುಟದಲ್ಲಿ ಕೌನ್ಸಿಲರ್ ಹೇಳಿದ್ದು ಏಳು ಸಲ ಬಂದಿದೆ, ನಿಮ್ಮ ಭಾವಮೈದ ಹೇಳಿದ್ದು ಎರಡು ಸಲ ಬಂದಿದೆ, ಮಗಳು ಹೇಳಿದ ಒಂದು ಮಾತೂ ಇಲ್ಲ. ಅವಳಿಗೆ ಯಾಕೆ ಹಾರ್ಬೇಕು ಅನ್ಸಿದೆ? ಒಂದ್ಸಲನಾದ್ರೂ ವಿಮಾನದ ಹತ್ರ ಹೋಗಿದಾಳಾ? ಕಣ್ಣು ಟೆಸ್ಟ್ ಮಾಡ್ಸಿದೀರಾ? ಕನ್ನಡಕ ಇದ್ರೆ ಭಯ ಬೇಡ, ಅದು ಅಡ್ಡಿ ಅಲ್ಲ, ಬಣ್ಣ ಗುರುತಿಸೋದ್ರಲ್ಲಿ ತೊಂದರೆ ಇದ್ರೆ ಮಾತ್ರ ಕಷ್ಟ, ಅದು 71 ಲಕ್ಷ ಕಟ್ಟೋಕೆ ಮುಂಚೆ ಗೊತ್ತಾಗ್ಬೇಕು.

ಮೊದಲು ಡಿಜಿಸಿಎ ಒಪ್ಪಿರೋ ಡಾಕ್ಟರ ಹತ್ರ ಕ್ಲಾಸ್ 2 ಮೆಡಿಕಲ್ ಮಾಡ್ಸಿ, ಅದು ಪಾಸಾದ್ಮೇಲೆ ಕ್ಲಾಸ್ 1. ಜೊತೆಗೇ ಡಿಜಿಸಿಎ ಕಂಪ್ಯೂಟರ್ ನಂಬರ್‌ಗೆ, ಅಂದ್ರೆ ಪೇಪರ್ ಬರೆಯೋಕೆ ಬೇಕಾದ ನಂಬರ್‌ಗೆ, ಅರ್ಜಿ ಹಾಕಿ, ಪೇಪರ್‌ಗಳ ಪಾಠ ಹೇಳೋ ಗ್ರೌಂಡ್ ಕ್ಲಾಸ್‌ಗೆ ಸೇರ್ಸಿ, ಎರಡು ಪೇಪರ್ ಕ್ಲಿಯರ್ ಮಾಡ್ಲಿ. ಇಷ್ಟಕ್ಕೆ ತೋಟ ಸೈಟು ಎರಡನ್ನೂ ಮುಟ್ಬೇಕಾಗಿಲ್ಲ. ಅಷ್ಟರಲ್ಲಿ ಅವಳಿಗೂ ಗೊತ್ತಾಗುತ್ತೆ, ನಿಮಗೂ ಗೊತ್ತಾಗುತ್ತೆ. ಆಮೇಲೂ ಹಾರ್ತೀನಿ ಅಂದ್ರೆ ಸಾಲದ ಮಾತು ಆವಾಗ ಆಡೋಣ, ದುಡ್ಡು ಹಾರಾಟದ ಗಂಟೆಗೆ ಹೋಗ್ಲಿ.

ಕಾಗದದ ಕೊನೇಲಿ ನಿಮ್ಮ ನಂಬರ್ ಇದೆ. ಭಾನುವಾರ ಬೆಳಿಗ್ಗೆ ಫೋನ್ ಮಾಡ್ತೀನಿ, ಫೋನು ಮಗಳ ಕೈಗೆ ಕೊಡಿ.